‘ಶ’ಕಾರದಲ್ಲಿ ಮುಗಿಯುವ ಗಂಡುಮಗುವಿನ ಹೆಸರು: ಆರಿಸುವುದು, ಬರೆಯುವುದು, ನೋಂದಾಯಿಸುವುದು

‘ದೊಡ್ಡವನ ಹೆಸರು ಲೋಕೇಶ, ಈಗ ಹುಟ್ಟಿದವನಿಗೂ ಶ್ ಎಂದು ಮುಗಿಯುವ ಹೆಸರೇ ಬೇಕು. ತೀರ ಹಳೆಯದಾಗಬಾರದು, ಅರ್ಥವೂ ಇರಬೇಕು.’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಲವರಿಗೆ ಅಣ್ಣತಮ್ಮಂದಿರ ಹೆಸರು ಪ್ರಾಸದಲ್ಲಿರಬೇಕೆಂಬ ಆಸೆ, ಕೆಲವರಿಗೆ ತಂದೆಯ ಹೆಸರಿನ ಕೊನೆಯ ಸದ್ದು ಮಗನಲ್ಲೂ ಉಳಿಯಲಿ ಎಂಬ ಆಸೆ, ಇನ್ನು ಕೆಲವರಿಗೆ ಆ ಸದ್ದೇ ಇಷ್ಟ. ಮೂರೂ ಒಪ್ಪತಕ್ಕ ಕಾರಣಗಳೇ. ಆದರೆ ಜಾಲತಾಣಗಳಲ್ಲಿ ಸಿಗುವ ಉದ್ದದ ಪಟ್ಟಿಗಳನ್ನು ನಂಬಿ ಹೆಸರಿಟ್ಟರೆ, ಸದ್ದು ಸರಿಯಾಗಿದ್ದು ಒಳಗೆ ಏನೂ ಇಲ್ಲದ ಹೆಸರು ಮಗುವಿನ ಪಾಲಿಗೆ ಬರುವ ಸಂಭವ ಹೆಚ್ಚು. ಈ ಅಂತ್ಯ ಬಹುಪಾಲು ಹೆಸರುಗಳಲ್ಲಿ ಬರಿಯ ಸದ್ದಲ್ಲ, ಅದು ‘ಈಶ’ ಎಂಬ ಒಂದು ಪೂರ್ಣ ಪದ. ಹಾಗಾಗಿ ಅದರ ಹಿಂದೆ ಏನು ನಿಲ್ಲುತ್ತದೆ, ಅದು ಹೇಗೆ ಕೂಡುತ್ತದೆ ಎಂಬುದನ್ನು ನೋಡಿಯೇ ಹೆಸರನ್ನು ಆರಿಸಬೇಕು. ಈ ಲೇಖನದ ಹಂತಗಳೆಲ್ಲ ಆ ಒಂದು ಮಾತಿನ ಸುತ್ತ ಇವೆ.

ಮೊದಲು ಕೈಯಲ್ಲಿರಬೇಕಾದವು

ಒಂದು ನೋಟ್‌ಬುಕ್ಕು, ಒಂದು ಒಳ್ಳೆಯ ಕನ್ನಡ ನಿಘಂಟು, ಸಾಧ್ಯವಾದರೆ ವಿಷ್ಣುಸಹಸ್ರನಾಮದ ಅರ್ಥಸಹಿತ ಪುಸ್ತಿಕೆ. ನಕ್ಷತ್ರ ನೋಡಿ ಹೆಸರಿಡುವ ಮನೆಯಾದರೆ ಮಗು ಹುಟ್ಟಿದ ಸಮಯ ಮತ್ತು ನಕ್ಷತ್ರದ ಪಾದ. ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡ ಮನೆದೇವರ ಹೆಸರು, ಊರ ದೇವರ ಹೆಸರು, ಎರಡು ಮೂರು ತಲೆಮಾರಿನ ಗಂಡಸರ ಹಾಗೂ ಹೆಂಗಸರ ಹೆಸರು. ಹೆಂಗಸರ ಹೆಸರು ಏಕೆ ಬೇಕೆಂಬುದು ಐದನೆಯ ಹಂತದಲ್ಲಿ ಗೊತ್ತಾಗುತ್ತದೆ.

ಅವಸರ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು ನಿಜ. ಆದರೆ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಹೆಸರನ್ನು ಅನಂತರ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಅರ್ಜಿಯ ಖಾಲಿ ಜಾಗ ತುಂಬಬೇಕೆಂಬ ಒತ್ತಾಯಕ್ಕೆ ತೋಚಿದ ಹೆಸರನ್ನು ಬರೆಸಬೇಡಿ.

1. ನಿಮಗೆ ಬೇಕಾದ ‘ಶ್’ ಯಾವುದೆಂದು ಮೊದಲು ಗುರುತಿಸಿಕೊಳ್ಳಿ

ಕಿವಿಗೆ ಒಂದೇ ರೀತಿ ಕೇಳಿಸುವ ಈ ಅಂತ್ಯದ ಹಿಂದೆ ಹಲವು ಬೇರೆ ಬೇರೆ ಪದಗಳಿವೆ.

ದೊಡ್ಡ ಗುಂಪು ‘ಈಶ’ದ್ದು. ಈಶ ಎಂದರೆ ಒಡೆಯ, ಪ್ರಭು. ಮಹೇಶ, ಗಿರೀಶ, ಲೋಕೇಶ, ವಾಗೀಶ, ಜಗದೀಶ ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು.

ಎರಡನೆಯದು ‘ಅಂಶ’. ಅಂಶ ಎಂದರೆ ಭಾಗ. ಶಿವಾಂಶ, ದೇವಾಂಶ, ವೇದಾಂಶ ಇವು ಇತ್ತೀಚೆಗೆ ಹೆಚ್ಚು ಕೇಳಿಬರುತ್ತಿರುವ ಹೆಸರುಗಳು. ಇದರ ಪಕ್ಕದಲ್ಲೇ ‘ಅಂಶು’ ಎಂಬ ಇನ್ನೊಂದು ಪದವಿದೆ, ಅದರ ಅರ್ಥ ಕಿರಣ. ಹಿಮಾಂಶು ಎಂದರೆ ತಂಪು ಕಿರಣದವನು, ಚಂದ್ರ. ಕೊನೆಯ ಉಕಾರವನ್ನು ಕತ್ತರಿಸಿ ‘ಹಿಮಾಂಶ್’ ಎಂದರೆ ಕಿರಣ ಹೋಗಿ ಹಿಮದ ತುಂಡು ಉಳಿಯುತ್ತದೆ.

ಮೂರನೆಯ ಗುಂಪಿನಲ್ಲಿ ಆಕಾಶ, ಪ್ರಕಾಶ, ಅವಿನಾಶ, ಅಂಕುಶ, ಕುಶ ಮುಂತಾದ ಸ್ವತಂತ್ರ ಪದಗಳಿವೆ. ಇವುಗಳಲ್ಲಿ ಕೂಡಿಸುವ ಕಳೆಯುವ ಪ್ರಶ್ನೆ ಏಳುವುದಿಲ್ಲ.

ನಾಲ್ಕನೆಯದು ‘ಷ’. ಸಂತೋಷ, ಹರ್ಷ, ಶೇಷ ಇವುಗಳಲ್ಲಿ ಇರುವುದು ಶಕಟದ ಶ ಅಲ್ಲ, ಷಣ್ಮುಖನ ಷ. ಧನುಷ್, ಆಯುಷ್, ಆಶಿಷ್ ಕೂಡ ಈ ಕಡೆಯವೇ: ಮೂಲದಲ್ಲಿ ಧನುಸ್, ಆಯುಸ್, ಆಶಿಸ್ ಎಂಬ ಸಕಾರಾಂತ ಪದಗಳಾಗಿದ್ದು, ಅವುಗಳ ಸಕಾರ ಹಲವು ರೂಪಗಳಲ್ಲಿ ಷಕಾರವಾಗುತ್ತದೆ. ಭಾಗವತದಲ್ಲಿ ದ್ವಾದಶೀ ವ್ರತದಿಂದ ಹೆಸರಾದ ರಾಜನೂ ಸಂಸ್ಕೃತದಲ್ಲಿ ಅಂಬರೀಷನೇ. ಕನ್ನಡದಲ್ಲಿ ಅಂಬರೀಶ ಎಂದು ಬರೆಯುವ ರೂಢಿ ಬಲವಾಗಿ ನಿಂತಿದೆ, ಅದನ್ನು ‘ಅಂಬರ’ ಮತ್ತು ‘ಈಶ’ ಎಂದು ಬಿಡಿಸಲು ಹೊರಟರೆ ಮಾತ್ರ ‘ಅಂಬರೇಶ’ ಆಗಬೇಕಾಗುತ್ತದೆ.

ದಾನಿಶ್, ತಾಬಿಶ್ ಎಂಬ ಹೆಸರುಗಳು ಪಾರಸಿಯಿಂದ ಬಂದವು, ಮೊದಲನೆಯದರ ಅರ್ಥ ಜ್ಞಾನ, ಎರಡನೆಯದರ ಅರ್ಥ ಹೊಳಪು. ಅಂತಹ ಹೆಸರನ್ನು ಹುಡುಕುವವರಿಗೆ ಮುಂದಿನ ಸಂಧಿಯ ಹಂತ ಬೇಕಾಗುವುದಿಲ್ಲ, ಉಳಿದ ಹಂತಗಳು ಬೇಕಾಗುತ್ತವೆ.

ಎಚ್ಚರಿಕೆ: ಶ್ರೇಯಸ್, ತೇಜಸ್, ಓಜಸ್ ಇವು ‘ಸ್’ ಅಂತ್ಯದವು. ಅಣ್ಣನ ಹೆಸರಿಗೆ ಹೊಂದಲಿ ಎಂದು ‘ಶ್ರೇಯಶ್’ ಎಂದು ತಿದ್ದಿದರೆ ಅದು ಪದವಾಗಿ ಉಳಿಯುವುದಿಲ್ಲ. ಹಾಗೆಯೇ ಹನ್ನೊಂದನೆಯ ತೀರ್ಥಂಕರನ ಹೆಸರು ಶ್ರೇಯಾಂಸ. ಅದನ್ನು ‘ಶ್ರೇಯಾಂಶ್’ ಎಂದು ಬರೆದ ಪಟ್ಟಿಗಳು ಬೇಕಾದಷ್ಟಿವೆ. ತೀರ್ಥಂಕರನ ನೆನಪಿಗೆ ಇಡುವುದಾದರೆ ಸಕಾರವನ್ನೇ ಉಳಿಸಿ.

2. ‘ಈಶ’ ಯಾವುದರ ಜೊತೆ ಹೇಗೆ ಕೂಡುತ್ತದೆ ಎಂದು ತಿಳಿಯಿರಿ

ಹೆಸರು ಹುಡುಕುವವರು ಸಾಮಾನ್ಯವಾಗಿ ದಾಟಿಹೋಗುವ ಹಂತ ಇದು, ತಪ್ಪುಗಳೆಲ್ಲ ಆಗುವುದೂ ಇಲ್ಲಿಯೇ. ಎರಡು ಪದಗಳು ಸೇರುವಾಗ ನಡುವಿನ ಅಕ್ಷರ ಬದಲಾಗುವುದಕ್ಕೆ ಸಂಧಿ ಎನ್ನುತ್ತಾರೆ. ಶಾಲೆಯಲ್ಲಿ ಓದಿದ್ದು ಮರೆತಿದ್ದರೆ ಚಿಂತೆಯಿಲ್ಲ, ನಮಗೆ ಬೇಕಾದುದು ನಾಲ್ಕೇ ನಿಯಮ.

ಹಿಂದಿನ ಪದ ಅ ಅಥವಾ ಆ ಎಂದು ಮುಗಿದಿದ್ದರೆ ‘ಏಶ’ ಬರುತ್ತದೆ. ಇದು ಗುಣಸಂಧಿ. ಸುರ ಮತ್ತು ಈಶ ಸೇರಿ ಸುರೇಶ, ರಮಾ ಮತ್ತು ಈಶ ಸೇರಿ ರಮೇಶ, ಅಖಿಲ ಮತ್ತು ಈಶ ಸೇರಿ ಅಖಿಲೇಶ. ರಾಕಾ ಎಂದರೆ ಹುಣ್ಣಿಮೆಯ ರಾತ್ರಿ, ಅದರ ಒಡೆಯ ರಾಕೇಶ. ಮಿಥಿಲೆಯ ಒಡೆಯ ಮಿಥಿಲೇಶ. ಕರುಣೇಶ, ಪ್ರಥಮೇಶ, ನಿಖಿಲೇಶ, ತುಂಗೇಶ, ಜಿನೇಶ ಎಲ್ಲವೂ ಇದೇ ಬಗೆಯವು.

ಹಿಂದಿನ ಪದ ಇ ಅಥವಾ ಈ ಎಂದು ಮುಗಿದಿದ್ದರೆ ‘ಈಶ’ ಎಂದೇ ಉಳಿಯುತ್ತದೆ. ಇದು ಸವರ್ಣದೀರ್ಘ ಸಂಧಿ, ಅಂದರೆ ಒಂದೇ ಜಾತಿಯ ಎರಡು ಸ್ವರಗಳು ಸೇರಿ ಒಂದು ದೀರ್ಘವಾಗುವುದು. ಗಿರೀಶ, ಹರೀಶ, ಕವೀಶ, ಫಣೀಶ, ಅವನೀಶ, ರಜನೀಶ, ಧರಣೀಶ, ಶಚೀಶ, ವಾಣೀಶ, ಪೃಥ್ವೀಶ. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಹೆಸರೂ ಹೀಗೆಯೇ ಆಗಿದೆ: ಲಕ್ಷ್ಮಿಯ ಒಡೆಯ, ಎಂದರೆ ವಿಷ್ಣು. ಕನ್ನಡಿಗರ ಬಾಯಲ್ಲಿ ಶತಮಾನಗಳಿಂದ ಇರುವ ಈ ಹೆಸರನ್ನು ಇಂದಿನ ತಂದೆತಾಯಿಗಳು ಅಷ್ಟಾಗಿ ನೆನೆಯದಿರುವುದು ನನಗೆ ಅಚ್ಚರಿ. ಹಳೆಯ ಹೆಸರಾದರೂ ಹಳಸಿಲ್ಲ.

ಹಿಂದಿನ ಪದ ಗಟ್ಟಿಯಾದ ಒಂದು ವ್ಯಂಜನದಲ್ಲಿ ಮುಗಿದಿದ್ದರೆ ಆ ವ್ಯಂಜನ ಮೃದುವಾಗುತ್ತದೆ. ಇದು ಜಶ್ತ್ವ ಸಂಧಿ. ಜಗತ್ ಮತ್ತು ಈಶ ಸೇರಿ ಜಗದೀಶ, ವಾಕ್ ಮತ್ತು ಈಶ ಸೇರಿ ವಾಗೀಶ.

ಹಿಂದಿನ ಪದ ಉ ಎಂದು ಮುಗಿದಿದ್ದರೆ ನಡುವೆ ವಕಾರ ಬರುತ್ತದೆ. ಇದು ಯಣ್ ಸಂಧಿ. ಗುರು ಮತ್ತು ಈಶ ಸೇರಿದರೆ ಗುರ್ವೀಶ ಆಗಬೇಕೇ ಹೊರತು ‘ಗುರೇಶ’ವೂ ಅಲ್ಲ, ‘ಗುರೀಶ’ವೂ ಅಲ್ಲ. ಮಧು ಮತ್ತು ಈಶ ಸೇರಿದರೆ ಮಧ್ವೀಶ. ಈಗ ಚೆನ್ನಾಗಿ ಓಡುತ್ತಿರುವ ತನ್ವೀಶ ಎಂಬ ಹೆಸರನ್ನು ತನು ಮತ್ತು ಈಶ ಎಂದೂ, ತನ್ವಿ ಮತ್ತು ಈಶ ಎಂದೂ ಬಿಡಿಸಬಹುದು. ಎರಡೂ ವ್ಯಾಕರಣಕ್ಕೆ ಒಪ್ಪುತ್ತವೆ.

ಈ ನಾಲ್ಕು ನಿಯಮಗಳಿಂದ ಆಗುವ ಲಾಭವೆಂದರೆ, ಯಾರ ಪಟ್ಟಿಯನ್ನೂ ಕಾಯದೆ ಹೆಸರನ್ನು ನೀವೇ ಕಟ್ಟಬಹುದು, ಯಾರೋ ಕೊಟ್ಟ ಹೆಸರನ್ನು ನೀವೇ ಬಿಡಿಸಿಯೂ ನೋಡಬಹುದು. ಪಟ್ಟಿಯಲ್ಲಿ ಕಂಡ ಹೆಸರಿನಿಂದ ‘ಈಶ’ವನ್ನು ತೆಗೆದ ಮೇಲೆ ಉಳಿಯುವ ಭಾಗ ನಿಘಂಟಿನಲ್ಲಿ ಸಿಗದಿದ್ದರೆ, ಪಕ್ಕದಲ್ಲಿ ಎಷ್ಟೇ ಸುಂದರವಾದ ಅರ್ಥ ಬರೆದಿದ್ದರೂ ಆ ಹೆಸರನ್ನು ಸಂಶಯದಿಂದಲೇ ನೋಡಿ. ನಿತೀಶ ಎಂದು ಹ್ರಸ್ವದಲ್ಲಿ ಬರೆಯುವ ಹೆಸರು ನೀತಿ ಮತ್ತು ಈಶ ಸೇರಿ ಆದುದು, ದೀರ್ಘ ಉಳಿಸಿ ನೀತೀಶ ಎಂದು ಬರೆದರೆ ಅರ್ಥವೂ ಕಾಣುತ್ತದೆ. ರಿತೇಶ ಎಂಬುದು ಋತ ಮತ್ತು ಈಶ ಸೇರಿದ ಋತೇಶದ ಉತ್ತರದ ಉಚ್ಚಾರಣೆ. ಋತ ಎಂದರೆ ಸತ್ಯ, ವಿಶ್ವದ ನಿಯಮ. ನಾವು ಋವನ್ನು ‘ರು’ ಎಂದು ಉಚ್ಚರಿಸುವವರಾದ್ದರಿಂದ, ಯಾವ ರೂಪ ಬೇಕೆಂದು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ಅಜ್ಜಿ ರುತೇಶ ಎನ್ನುತ್ತಾರೆ, ಶಾಲೆಯಲ್ಲಿ ರಿತೇಶ್ ಎನ್ನುತ್ತಾರೆ.

‘ಕೇಶ’ ಎಂದು ಮುಗಿಯುವ ಹೆಸರುಗಳನ್ನೂ ಹೀಗೆಯೇ ಬಿಡಿಸಿ. ಹೃಷೀಕೇಶ ಎಂದರೆ ಹೃಷೀಕಗಳ, ಅಂದರೆ ಇಂದ್ರಿಯಗಳ ಈಶ. ಗುಡಾಕೇಶ ಎಂದರೆ ಗುಡಾಕಾ ಎಂಬ ನಿದ್ರೆಯನ್ನು ಗೆದ್ದವನು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಕೃಷ್ಣನಿಗೂ ಅರ್ಜುನನಿಗೂ ಕ್ರಮವಾಗಿ ಈ ಎರಡು ಹೆಸರು ಒಂದೇ ಶ್ಲೋಕದಲ್ಲಿ ಬರುತ್ತವೆ. ಅವಳಿ ಗಂಡುಮಕ್ಕಳಿಗೆ ಹೆಸರು ಹುಡುಕುವವರು ಈ ಜೋಡಿಯನ್ನು ಒಮ್ಮೆ ಯೋಚಿಸಿ ನೋಡಬಹುದು.

3. ಮೊದಲ ಅಕ್ಷರದ ಕಟ್ಟು ಎಷ್ಟೆಂದು ತೀರ್ಮಾನಿಸಿ

ನಕ್ಷತ್ರ ನೋಡುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೆ ನೇರವಾಗಿ ನಾಲ್ಕನೆಯ ಹಂತಕ್ಕೆ ಹೋಗಿ.

ಇದ್ದರೆ, ಪ್ರತಿ ನಕ್ಷತ್ರದ ನಾಲ್ಕು ಪಾದಗಳಿಗೆ ನಾಲ್ಕು ಅಕ್ಷರಗಳಿರುವುದು ನಿಮಗೆ ತಿಳಿದಿರುತ್ತದೆ. ರೋಹಿಣಿಗೆ ಓ, ವ, ವಿ, ವು. ಇಲ್ಲಿ ವಾಗೀಶ, ವಾಣೀಶ, ವಿಘ್ನೇಶ, ವಿಶ್ವೇಶ ಸಲೀಸಾಗಿ ಸಿಗುತ್ತವೆ. ಮಖೆಗೆ ಮ, ಮಿ, ಮು, ಮೆ: ಮಹೇಶ, ಮಿಥಿಲೇಶ, ಮುರುಗೇಶ. ಅನೂರಾಧಕ್ಕೆ ನ, ನಿ, ನು, ನೆ: ನಾಗೇಶ, ನಿಖಿಲೇಶ, ನೀತೀಶ. ಧನಿಷ್ಠೆಗೆ ಗ, ಗಿ, ಗು, ಗೆ: ಗಣೇಶ, ಗಿರೀಶ. ಆದರೆ ಆರ್ದ್ರೆಯ ಮೂರನೆಯ ಪಾದಕ್ಕೆ ಙ, ಉತ್ತರಾಭಾದ್ರೆಯ ನಾಲ್ಕನೆಯ ಪಾದಕ್ಕೆ ಞ ಬರುತ್ತದೆ. ಆ ಅಕ್ಷರಗಳಿಂದ ಕರೆಯಲು ಯೋಗ್ಯವಾದ ಹೆಸರೇ ಇಲ್ಲ, ಅದರ ಮೇಲೆ ‘ಶ’ ಅಂತ್ಯವೂ ಬೇಕೆಂದರೆ ದಾರಿ ಮುಚ್ಚಿದಂತೆಯೇ.

ಇಲ್ಲಿ ಸಂಪ್ರದಾಯವೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ನಾಮಕರಣದಲ್ಲಿ ಮಗುವಿಗೆ ಇಡುವುದು ಒಂದೇ ಹೆಸರಲ್ಲ: ದೇವತಾನಾಮ, ಮಾಸನಾಮ, ನಕ್ಷತ್ರನಾಮ ಮತ್ತು ವ್ಯವಹಾರನಾಮ ಎಂದು ನಾಲ್ಕು ಹೆಸರುಗಳನ್ನು ಅಕ್ಕಿಯ ಮೇಲೆ ಬರೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ನಕ್ಷತ್ರದ ಅಕ್ಷರ ಬೇಕಾದುದು ನಕ್ಷತ್ರನಾಮಕ್ಕೆ. ಜನ ಕರೆಯುವ, ದಾಖಲೆಗೆ ಹೋಗುವ ವ್ಯವಹಾರನಾಮವನ್ನು ನಿಮಗೆ ಬೇಕಾದ ಅಂತ್ಯದಲ್ಲಿ ಇಟ್ಟುಕೊಳ್ಳಬಹುದು. ನಿಮ್ಮ ಮನೆಯ ಪುರೋಹಿತರನ್ನು ಕೇಳಿ, ಹೆಚ್ಚಿನವರು ಇದಕ್ಕೆ ಅಡ್ಡಿ ಹೇಳುವುದಿಲ್ಲ. ಮಾಸನಾಮಗಳ ಪಟ್ಟಿಯಲ್ಲಿ ಯೋಗೀಶ ಎಂಬ ಹೆಸರೂ ಇದೆ ಎಂಬುದನ್ನು ಗಮನಿಸಿ.

ಹೆಸರು ಸಮಸಂಖ್ಯೆಯ ಅಕ್ಷರಗಳಲ್ಲಿರಬೇಕೆಂದು ಹಿರಿಯರು ಹೇಳುವುದುಂಟು. ಮನೆಯ ಸಂಸ್ಕಾರಗಳ ವಿಧಿಗಳನ್ನು ಹೇಳುವ ಹಳೆಯ ಗ್ರಂಥವಾದ ಪಾರಸ್ಕರ ಗೃಹ್ಯಸೂತ್ರದಲ್ಲಿ ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರದ್ದಾಗಿರಬೇಕೆಂಬ ವಿಧಿಯಿದೆ. ಕೊನೆಯಲ್ಲಿ ದೀರ್ಘಸ್ವರ ಅಥವಾ ವಿಸರ್ಗ ಬರಬೇಕೆಂದೂ ಅದು ಹೇಳುತ್ತದೆ, ಅಂದರೆ ಹೆಸರಿನ ಅಂತ್ಯದ ಸದ್ದಿನ ಬಗ್ಗೆ ಯೋಚಿಸುವುದು ನಿಮ್ಮ ಹೊಸ ಹುಚ್ಚೇನೂ ಅಲ್ಲ. ಅಕ್ಷರಸಂಖ್ಯೆಯ ವಿಧಿಯನ್ನು ಪಾಲಿಸುವವರಿಗೆ ಶ್ರೀಶ ಎರಡಕ್ಷರಕ್ಕೆ ಸಿಗುತ್ತದೆ, ಜಗದೀಶ, ಅಖಿಲೇಶ, ಕರುಣೇಶ, ಪ್ರಥಮೇಶ, ಹೃಷೀಕೇಶ ನಾಲ್ಕಕ್ಷರಕ್ಕೆ ಸಿಗುತ್ತವೆ. ಪಾಲಿಸದವರು ಅಂಜಬೇಕಾಗಿಲ್ಲ: ಗಣೇಶ ಎಂಬ ಹೆಸರೇ ಮೂರಕ್ಷರದ್ದು.

4. ಪಟ್ಟಿಗಿಂತ ಮೊದಲು ನಿಮ್ಮ ಊರಿನಲ್ಲಿ ಹುಡುಕಿ

ಕರ್ನಾಟಕದಲ್ಲಿ ಈ ಅಂತ್ಯದ ಹೆಸರುಗಳಿಗೆ ಬರವಿಲ್ಲ. ಊರ ದೇವರ ಹೆಸರಿನಲ್ಲಿರುವ ‘ಈಶ್ವರ’ ಮೊಟಕಾಗಿ ‘ಈಶ’ವಾಗಿ ಮಕ್ಕಳ ಹೆಸರಾಗುವ ರೂಢಿ ನಮ್ಮಲ್ಲಿ ಬಹಳ ಹಿಂದಿನದು. ಮಲೆ ಮಹದೇಶ್ವರನ ಒಕ್ಕಲಾದ ಚಾಮರಾಜನಗರ, ಮೈಸೂರು, ಮಂಡ್ಯದ ಕಡೆ ಮಾದೇಶ. ನಂಜನಗೂಡಿನ ನಂಜುಂಡೇಶ್ವರನಿಂದ ನಂಜುಂಡೇಶ. ಕೊಟ್ಟೂರಿನ ಬಸವೇಶ್ವರನ ಭಕ್ತರ ಮನೆಗಳಲ್ಲಿ ಕೊಟ್ರೇಶ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದ ತಿಪ್ಪೇಶ. ಕೊಪ್ಪಳದ ಗವಿಮಠದಿಂದ ಗವಿಸಿದ್ದೇಶ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ಅಮರೇಶ್ವರನಿಂದ ಅಮರೇಶ. ಇವುಗಳ ಜೊತೆಗೆ ಬಸವೇಶ, ಸೋಮೇಶ, ವೀರೇಶ, ಕಲ್ಲೇಶ, ಹಾಲೇಶ. ಒಂದು ಹೆಸರು ಹೇಳಿದರೆ ಸಾಕು, ‘ನಿಮ್ಮದು ಕೊಟ್ಟೂರ ಕಡೆಯೇ?’ ಎಂದು ಕೇಳುವ ಜನ ಇಂದಿಗೂ ಇದ್ದಾರೆ. ಆ ಗುರುತನ್ನು ಮಗುವಿಗೆ ಕೊಡುವ ಶಕ್ತಿ ಯಾವ ಜಾಲತಾಣದ ಪಟ್ಟಿಗೂ ಇಲ್ಲ.

‘ಇವು ಹಳ್ಳಿಯ ಹೆಸರುಗಳು, ಬೆಂಗಳೂರಿನ ಶಾಲೆಯಲ್ಲಿ ಮಗುವಿಗೆ ಮುಜುಗರವಾಗುತ್ತದೆ’ ಎಂಬ ಮಾತು ಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಒಂದು ತರಗತಿಯಲ್ಲಿ ಒಂದೇ ಹೊಸ ಹೆಸರಿನ ಮೂವರಿದ್ದು ಇನಿಷಿಯಲ್ ಸೇರಿಸಿ ಕರೆಯಬೇಕಾದ ಪರಿಸ್ಥಿತಿಗಿಂತ, ಒಬ್ಬನೇ ಅಮರೇಶ ಇರುವುದು ಮಗುವಿಗೆ ಒಳ್ಳೆಯದು. ಆದರೂ ಮನಸ್ಸು ಒಪ್ಪದಿದ್ದರೆ ಒತ್ತಾಯವಿಲ್ಲ, ದೇವರ ಹೆಸರನ್ನು ದೇವತಾನಾಮವಾಗಿ ಇಟ್ಟು ವ್ಯವಹಾರನಾಮವನ್ನು ಬೇರೆ ಮಾಡಿಕೊಳ್ಳಿ.

ನಂಜುಂಡೇಶದಂತಹ ಹೆಸರಿನಲ್ಲಿ ಕನ್ನಡ ಪದಕ್ಕೆ ಸಂಸ್ಕೃತದ ‘ಈಶ’ ಸೇರಿದೆ, ಇದು ಅರಿಸಮಾಸ, ಎಂದರೆ ಎರಡು ಭಾಷೆಗಳ ಪದಗಳನ್ನು ಹೊಂದದಂತೆ ಬೆಸೆದ ಸಮಾಸ ಎಂದು ಆಕ್ಷೇಪಿಸುವವರು ಸಿಗಬಹುದು. ಬಿರುದುಗಳಲ್ಲಿಯೂ ಹಿಂದಿನಿಂದ ರೂಢಿಯಲ್ಲಿರುವ ಪದಗಳಲ್ಲಿಯೂ ಅರಿಸಮಾಸಕ್ಕೆ ಕನ್ನಡ ವ್ಯಾಕರಣವೇ ಒಪ್ಪಿಗೆ ಕೊಟ್ಟಿದೆ. ದೇವರ ಹೆಸರುಗಳ ಮಟ್ಟಿಗೆ ಆ ಚಿಂತೆಯನ್ನು ಬಿಡಿ.

ಊರಲ್ಲಿ ಸಿಗದಿದ್ದರೆ ಸಹಸ್ರನಾಮಕ್ಕೆ ಹೋಗಿ. ವಿಷ್ಣುಸಹಸ್ರನಾಮ ಒಂದರಲ್ಲೇ ಸುರೇಶ, ದೇವೇಶ, ಶ್ರೀಶ, ಯೋಗೀಶ, ತ್ರಿಲೋಕೇಶ, ಹೃಷೀಕೇಶ, ಅನೀಶ ಎಲ್ಲವೂ ಇವೆ. ಪ್ರತಿ ಹೆಸರಿಗೂ ವ್ಯಾಖ್ಯಾನವಿರುವುದರಿಂದ ಅರ್ಥದ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ.

5. ಅರ್ಥವನ್ನು ನಿಮ್ಮ ಮನೆಯೊಳಗೆ ಇಟ್ಟು ನೋಡಿ

ನಿಘಂಟಿನಲ್ಲಿ ಸರಿಯಾಗಿರುವ ಹೆಸರು ನಿಮ್ಮ ಮನೆಗೆ ಹೊಂದದಿರಬಹುದು. ದೇವಿಯ ಹೆಸರಿನ ಮುಂದೆ ‘ಈಶ’ ಬಂದಾಗ ಅದರ ಅರ್ಥ ಆ ದೇವಿಯ ಪತಿ ಎಂದೇ ಆಗುತ್ತದೆ. ಉಮೇಶ ಎಂದರೆ ಉಮೆಯ ಪತಿ, ರಮೇಶ ಎಂದರೆ ರಮೆಯ ಪತಿ, ಗೌರೀಶ, ಸೀತೇಶ, ಗಂಗೇಶ ಎಲ್ಲವೂ ಹಾಗೆಯೇ. ತಾಯಿಯ ಹೆಸರು ಉಮಾ ಇರುವಾಗ ಮಗನಿಗೆ ಉಮೇಶ ಎಂದಿಡುವುದು ತಾಯಿಯ ಹೆಸರನ್ನು ಮಗನಲ್ಲಿ ಉಳಿಸುವ ಪ್ರೀತಿಯಿಂದಲೇ ಹೊಳೆಯುವ ಯೋಚನೆ, ಆದರೆ ಅರ್ಥ ಬಲ್ಲ ಹಿರಿಯರು ನಾಮಕರಣದ ದಿನ ಮುಖ ನೋಡಿಕೊಳ್ಳುವಂತಾಗುತ್ತದೆ. ಅಕ್ಕ, ಅಜ್ಜಿ, ಅತ್ತೆಯರ ಹೆಸರನ್ನೂ ಇದೇ ಕಾರಣಕ್ಕೆ ಒಮ್ಮೆ ನೋಡಿಕೊಳ್ಳಿ. ಮೊದಲೇ ಹೆಂಗಸರ ಹೆಸರು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ. ತಾಯಿಯ ಹೆಸರನ್ನು ಉಳಿಸಲೇಬೇಕೆಂದಿದ್ದರೆ ಉಮಾಪ್ರಸಾದ, ಗೌರೀಸುತ ಎಂಬ ಬೇರೆ ಅಂತ್ಯಗಳತ್ತ ಹೋಗಬೇಕಾಗುತ್ತದೆ, ಅಲ್ಲಿ ‘ಶ’ವನ್ನು ಬಿಡದೆ ವಿಧಿಯಿಲ್ಲ.

ಅನೀಶ ಎಂಬ ಹೆಸರಿನ ಬಗ್ಗೆ ಪ್ರತ್ಯೇಕವಾಗಿ ಕೇಳುವವರು ಬಹಳ. ‘ಅನ್’ ಎಂಬುದು ಇಲ್ಲ ಎನ್ನುವ ಅರ್ಥವನ್ನು ಕೊಡುತ್ತದೆ. ಸಹಸ್ರನಾಮದಲ್ಲಿ ಅನೀಶ ಎಂದರೆ ತನ್ನ ಮೇಲೆ ಇನ್ನೊಬ್ಬ ಒಡೆಯನಿಲ್ಲದವನು. ಉಪನಿಷತ್ತಿನಲ್ಲಿ ಅದೇ ಪದ ಬಂಧನದಲ್ಲಿರುವ ಅಸಹಾಯಕ ಜೀವನಿಗೂ ಬಂದಿದೆ. ಎರಡೂ ಅ‍ರ್ಥ ನಿಜ. ಮೊದಲನೆಯ ಅರ್ಥವನ್ನು ತಿಳಿದು ಇಡುವವರಿಗೆ ಈ ಹೆಸರು ಒಪ್ಪುತ್ತದೆ, ಯಾರಾದರೂ ಕೇಳಿದರೆ ಸಹಸ್ರನಾಮದ ಸಾಲನ್ನೇ ಹೇಳಬಹುದು.

ಮನೀಶ್ ಎಂದು ಬರೆಯುವ ಹೆಸರು ಮನಸ್ಸಿನ ಒಡೆಯ ಎಂದು ಪಟ್ಟಿಗಳು ಹೇಳುತ್ತವೆ. ಮೂಲ ಪದ ಮನೀಷಾ, ಅದರ ಅರ್ಥ ಬುದ್ಧಿ. ಮನೀಷಿ ಎಂದರೆ ಜ್ಞಾನಿ. ಆದ್ದರಿಂದ ಈ ಹೆಸರಿಗೆ ಷಕಾರವೇ ಸರಿ, ಮನೀಷ್ ಎಂದು ಬರೆಸಿ.

6. ಕೊನೆಯಲ್ಲಿ ‘ಶ’ವೋ ‘ಶ್’ ಎಂಬ ಅರ್ಧಾಕ್ಷರವೋ, ಈಗಲೇ ತೀರ್ಮಾನಿಸಿ

ಗಿರೀಶ ಎಂದು ಬರೆಯಬೇಕೇ, ಗಿರೀಶ್ ಎಂದು ಬರೆಯಬೇಕೇ? ಎರಡೂ ಬಳಕೆಯಲ್ಲಿವೆ. ಕನ್ನಡದ ಜಾಯಮಾನ ಸ್ವರದಲ್ಲಿ ಮುಗಿಯುವುದು, ಆದ್ದರಿಂದ ಗಿರೀಶ, ಮಹೇಶ ಎಂಬ ಪೂರ್ಣ ರೂಪ ನಾಲಿಗೆಗೆ ಸಹಜ. ಧಾರವಾಡದ ಕಡೆಯ ಬರವಣಿಗೆಯಲ್ಲಿ ಇದು ಗಟ್ಟಿಯಾಗಿ ಉಳಿದಿದೆ, ಗಿರೀಶ ಕಾರ್ನಾಡ ಎಂಬ ಹೆಸರನ್ನು ಪುಸ್ತಕಗಳ ಮೇಲೆ ಹಾಗೆಯೇ ಕಾಣುತ್ತೇವೆ. ಬೆಂಗಳೂರು, ಮೈಸೂರಿನ ಕಡೆ ಅರ್ಧಾಕ್ಷರದ ರೂಪ ಹೆಚ್ಚು. ಧನುಷ್, ಆಯುಷ್, ದಾನಿಶ್ ಮುಂತಾದವುಗಳು ಮೂಲದಲ್ಲಿಯೇ ವ್ಯಂಜನದಲ್ಲಿ ಮುಗಿಯುವುದರಿಂದ ಅವಕ್ಕೆ ಅರ್ಧಾಕ್ಷರವೇ ಸರಿ.

ನನ್ನ ಸಲಹೆ: ಈಶ ಅಂತ್ಯದ ಹೆಸರನ್ನು ಕನ್ನಡದಲ್ಲಿ ಪೂರ್ಣಾಕ್ಷರದಲ್ಲಿ ಬರೆಯಿರಿ. ವಿಭಕ್ತಿ ಪ್ರತ್ಯಯ, ಎಂದರೆ ಹೆಸರಿನ ಕೊನೆಗೆ ಸೇರುವ ಅನ್ನು, ಇಂದ, ಗೆ, ಅ ಮುಂತಾದವು, ಆಗ ತೊಡಕಿಲ್ಲದೆ ಕೂಡುತ್ತವೆ: ಗಿರೀಶನು, ಗಿರೀಶನನ್ನು, ಗಿರೀಶನಿಂದ, ಗಿರೀಶನಿಗೆ, ಗಿರೀಶನ, ಗಿರೀಶನಲ್ಲಿ. ಅರ್ಧಾಕ್ಷರವಾದರೆ ಗಿರೀಶ್‌ನನ್ನು, ಗಿರೀಶ್‌ಗೆ ಎಂದು ಒತ್ತಕ್ಷರ ಬರದಂತೆ ತಡೆದು ಬರೆಯುವ ಸರ್ಕಸ್ಸು ಮಗುವಿಗೆ ಜೀವನಪೂರ್ತಿ ಅಂಟಿಕೊಳ್ಳುತ್ತದೆ.

ಇಂಗ್ಲಿಷ್ ಅಕ್ಷರಗಳಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಕೊನೆಗೆ ‘ಎ’ ಸೇರಿಸಿ ಬರೆದರೆ, ಕನ್ನಡ ಬಾರದವರು ಅದನ್ನು ದೀರ್ಘವಾಗಿ ಓದುತ್ತಾರೆ. ಅನೀಶ ಎಂಬುದು ಅನೀಷಾ ಆಗುತ್ತದೆ, ಮನೀಷ ಎಂಬುದು ಮನೀಷಾ ಆಗುತ್ತದೆ. ಎರಡೂ ಹೆಣ್ಣುಮಕ್ಕಳ ಹೆಸರು. ಹೊರರಾಜ್ಯದ ಕಾಲೇಜಿನಲ್ಲಿ ಹಾಸ್ಟೆಲ್ ಪಟ್ಟಿ ಮಾಡುವವರು ಹೆಸರು ನೋಡಿ ಹುಡುಗಿಯೆಂದುಕೊಳ್ಳುವುದು ಇಂಥಲ್ಲಿಯೇ. ಹಾಗಾಗಿ ಕನ್ನಡದಲ್ಲಿ ಅನೀಶ, ಇಂಗ್ಲಿಷಿನಲ್ಲಿ ಕೊನೆಯ ‘ಎ’ ಇಲ್ಲದ ರೂಪ ಎಂದು ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಲೋಕೇಶ, ಗಿರೀಶ ಮುಂತಾದ ಹೆಸರುಗಳಿಗೆ ಈ ಅಪಾಯ ಕಡಿಮೆ, ಆದರೂ ಮನೆಯಲ್ಲಿ ಒಬ್ಬರು ‘ಎ’ ಸೇರಿಸಿ, ಇನ್ನೊಬ್ಬರು ಬಿಟ್ಟು ಬರೆಯದಂತೆ ನೋಡಿಕೊಳ್ಳಿ. ದೀರ್ಘ ಈಕಾರಕ್ಕೆ ಒಂದು ‘ಐ’ ಬರೆಯುವಿರೋ ಎರಡು ‘ಇ’ ಬರೆಯುವಿರೋ ಎಂಬುದನ್ನೂ ಇದೇ ದಿನ ನಿರ್ಧರಿಸಿ. ಸಂಖ್ಯಾಶಾಸ್ತ್ರದ ಪ್ರಕಾರ ಒಂದು ಅಕ್ಷರ ಹೆಚ್ಚು ಸೇರಿಸುವ ಆಲೋಚನೆಯಿದ್ದರೆ ಅದನ್ನು ನೋಂದಣಿಗೆ ಮೊದಲೇ ಮುಗಿಸಿಕೊಳ್ಳಿ, ಆಮೇಲೆ ಸೇರಿಸಿದ ಅಕ್ಷರ ಪ್ರತಿಯೊಂದು ಕಚೇರಿಯಲ್ಲೂ ವಿವರಣೆ ಕೇಳುತ್ತದೆ.

7. ಬಾಯಿಂದ ಪರೀಕ್ಷಿಸಿ

ಕಾಗದದ ಮೇಲೆ ಎರಡು ಮೂರು ಹೆಸರು ಉಳಿದಿರುವಾಗ ಅವುಗಳನ್ನು ಗಟ್ಟಿಯಾಗಿ ಕರೆದು ನೋಡಿ. ಹಿತ್ತಲಿನಿಂದ ಬೀದಿಗೆ ಕೇಳುವಂತೆ ಕರೆಯುವಾಗ ನಾವು ಕೊನೆಯನ್ನು ಎಳೆಯುತ್ತೇವೆ: ಗಿರೀಶಾ, ವಾಗೀಶಾ. ಎಳೆದಾಗ ಚೆನ್ನಾಗಿ ಕೇಳುವ ಹೆಸರು ಮನೆಯಲ್ಲಿ ಬಾಳುತ್ತದೆ. ‘ಅಣ್ಣ’ ಸೇರಿಸಿ ನೋಡಿ, ತಮ್ಮನೋ ತಂಗಿಯೋ ನಾಳೆ ಹಾಗೆಯೇ ಕರೆಯಬೇಕು: ಅಮರೇಶಣ್ಣ, ಶ್ರೀಶಣ್ಣ, ಧನುಷಣ್ಣ. ಮೊಟಕಾದಾಗ ಏನಾಗುತ್ತದೆ ಎಂದೂ ನೋಡಿ. ಗಿರೀಶ ಗಿರಿಯಾಗುತ್ತಾನೆ, ಹರೀಶ ಹರಿಯಾಗುತ್ತಾನೆ, ಗಣೇಶ ಗಣಿಯಾಗುತ್ತಾನೆ. ಇವು ಮುದ್ದಾಗಿವೆ. ಎಲ್ಲ ಹೆಸರುಗಳೂ ಅಷ್ಟು ಅದೃಷ್ಟವಂತವಲ್ಲ.

ಅಡ್ಡಹೆಸರು ಅಥವಾ ಮನೆತನದ ಹೆಸರಿನ ಜೊತೆ ಸೇರಿಸಿ ಹೇಳುವುದನ್ನು ಮರೆಯಬೇಡಿ. ಕರಾವಳಿಯ ಶೆಟ್ಟಿ, ಶಾನಭಾಗ, ಶೆಣೈ ಮನೆತನಗಳಲ್ಲಿ ಈ ಅಂತ್ಯಕ್ಕೆ ಒಂದು ವಿಶೇಷ ತೊಡಕಿದೆ. ‘ಸತೀಶ್ ಶೆಟ್ಟಿ’ ಎಂದು ಬೇಗ ಹೇಳಿ ನೋಡಿ: ಎರಡು ಶಕಾರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ‘ಸತೀಶ್ಶೆಟ್ಟಿ’ ಎಂದಾಗುತ್ತದೆ, ಫೋನಿನಲ್ಲಿ ಕೇಳಿದವರು ‘ಸತಿ ಶೆಟ್ಟಿ’ ಎಂದು ಬರೆದುಕೊಳ್ಳುವುದೂ ಉಂಟು. ‘ಸತೀಶ ಶೆಟ್ಟಿ’ ಎಂದು ಪೂರ್ಣಾಕ್ಷರದಲ್ಲಿ ಹೇಳಿದರೆ ನಡುವೆ ಬರುವ ಅಕಾರ ಎರಡನ್ನೂ ಬೇರೆಯಾಗಿ ಇಡುತ್ತದೆ. ಗೌಡ, ಪಾಟೀಲ, ಹೆಗಡೆ, ಭಟ್ಟ ಇವುಗಳ ಜೊತೆ ಈ ತೊಂದರೆಯಿಲ್ಲ.

ಅಣ್ಣತಮ್ಮಂದಿರ ಪ್ರಾಸದ ಬಗ್ಗೆ ಒಂದು ಮಾತು. ಲೋಕೇಶ ಮತ್ತು ಯೋಗೇಶ ಎಂದಿಟ್ಟರೆ ಅಂತ್ಯವಷ್ಟೇ ಅಲ್ಲ, ನಡುವಿನ ಸ್ವರಗಳೂ ಒಂದೇ ಆಗುತ್ತವೆ. ಒಳಕೋಣೆಯಿಂದ ಕರೆದಾಗ ಇಬ್ಬರೂ ಓಗೊಡುತ್ತಾರೆ, ಇಲ್ಲವೇ ಇಬ್ಬರೂ ಸುಮ್ಮನಿರುತ್ತಾರೆ. ಮೊದಲ ಸ್ವರವಾದರೂ ಬೇರೆಯಿರಲಿ: ಲೋಕೇಶನ ತಮ್ಮ ವಾಗೀಶ, ಗಿರೀಶನ ತಮ್ಮ ಅಮರೇಶ. ಮೊದಲ ಅಕ್ಷರ, ಇನಿಷಿಯಲ್, ಅಂತ್ಯ ಮೂರೂ ಒಂದೇ ಆದರೆ ಬ್ಯಾಂಕು, ಆಸ್ಪತ್ರೆಗಳ ದಾಖಲೆಗಳಲ್ಲಿ ಒಬ್ಬನ ಕಡತ ಇನ್ನೊಬ್ಬನದಕ್ಕೆ ಸೇರಿಕೊಳ್ಳಲು ಅವಕಾಶ ಮಾಡಿಕೊಟ್ಟಂತೆ.

8. ನೋಂದಾಯಿಸಿ

ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ 14ನೆಯ ಸೆಕ್ಷನ್ ಮಗುವಿನ ಹೆಸರನ್ನು ಅನಂತರ ಸೇರಿಸುವುದಕ್ಕೆ ಸಂಬಂಧಿಸಿದ್ದು. ಜನನ ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆ ಮೇಲೆ 15 ವರ್ಷದವರೆಗೆ ತಡವಾದುದಕ್ಕೆ ಶುಲ್ಕ ಕಟ್ಟಿ ಸೇರಿಸಬಹುದು. ಮಗು ಹುಟ್ಟಿದ ಸ್ಥಳದ ನೋಂದಣಾಧಿಕಾರಿಯ ಕಚೇರಿಯಲ್ಲೇ ಈ ಕೆಲಸ ಆಗಬೇಕು. ತವರಿನಲ್ಲಿ ಹೆರಿಗೆಯಾಗಿದ್ದರೆ ತವರಿನ ಊರಿಗೇ ಹೋಗಬೇಕಾಗುತ್ತದೆ, ಇದನ್ನು ಅನೇಕರು ತಡವಾಗಿ ತಿಳಿಯುತ್ತಾರೆ.

2023ರ ತಿದ್ದುಪಡಿಯ ನಂತರ ಜನನ ಪ್ರಮಾಣಪತ್ರದ ಮಹತ್ವ ಹೆಚ್ಚಿದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಶಾಲೆಯ ಸೇರ್ಪಡೆ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ ಮುಂತಾದವುಗಳಲ್ಲಿ ಹುಟ್ಟಿದ ದಿನ ಹಾಗೂ ಸ್ಥಳಕ್ಕೆ ಅದೇ ದಾಖಲೆ. ಅದರಲ್ಲಿರುವ ಹೆಸರಿನ ರೂಪವೇ ಉಳಿದ ಕಡೆಗಳಿಗೆ ಹರಿದುಹೋಗುವುದರಿಂದ ಅಲ್ಲಿ ತಪ್ಪಾಗಬಾರದು.

ಅರ್ಜಿ ಕೊಡುವಾಗ ಹೆಸರನ್ನು ಬಾಯಲ್ಲಿ ಹೇಳಬೇಡಿ. ಒಂದು ಚೀಟಿಯ ಮೇಲೆ ಕನ್ನಡದಲ್ಲಿಯೂ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿಯೂ ಬಿಡಿಸಿ ಬರೆದು ಕೊಡಿ, ಶ ಮತ್ತು ಷ ಎರಡರಲ್ಲಿ ಯಾವುದೆಂದು ಬೆರಳಿಟ್ಟು ತೋರಿಸಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಜೋಡಿ ಅಕ್ಷರ ಬಳಸುವುದರಿಂದ, ಟೈಪು ಮಾಡುವವರು ಇಂಗ್ಲಿಷ್ ನೋಡಿ ಕನ್ನಡ ತುಂಬಿದರೆ ಸಂತೋಷ ‘ಸಂತೋಶ’ನಾಗುತ್ತಾನೆ, ಶ್ರೀಶ ‘ಶ್ರೀಷ’ನಾಗುತ್ತಾನೆ. ನಮ್ಮ ರಾಜ್ಯದ ಪ್ರಮಾಣಪತ್ರದಲ್ಲಿ ಎರಡೂ ಭಾಷೆಗಳ ರೂಪ ಇರುತ್ತದೆ, ಕಚೇರಿಯಿಂದ ಹೊರಡುವ ಮೊದಲು ಎರಡನ್ನೂ ಅಕ್ಷರ ಅಕ್ಷರವಾಗಿ ಓದಿ. ತಪ್ಪು ಅಚ್ಚಾಗಿದ್ದರೆ ಅದೇ ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ ತಿದ್ದುಪಡಿಗೆ ಅರ್ಜಿ ಕೊಡಬಹುದು, ಮಗು ಶಾಲೆಗೆ ಸೇರುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಸುಲಭ.

ಮಗುವಿಗೆ ಮುಂದೆ ಪಾಸ್‌ಪೋರ್ಟ್ ಮಾಡಿಸುವ ಸಂಭವವಿದ್ದರೆ ಇನಿಷಿಯಲ್‌ಗಳ ಬಗ್ಗೆ ಈಗಲೇ ಯೋಚಿಸಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಅದನ್ನು ಬಿಡಿಸಿಯೇ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ‘ವಾಗೀಶ’ ಎಂದಷ್ಟೇ ಇದ್ದರೆ ಅಮೆರಿಕದ ವೀಸಾದಲ್ಲಿ ಅದೇ ಅಡ್ಡಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಸಂಕ್ಷಿಪ್ತ ರೂಪ ಬರುತ್ತದೆ. ಅಲ್ಲಿರುವ ಕನ್ನಡ ಕುಟುಂಬಗಳು ಇದರಿಂದ ಸಾಕಷ್ಟು ಪೇಚಾಡಿವೆ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಎರಡನೆಯ ಭಾಗವಾಗಿ ಪೂರ್ಣವಾಗಿ ಬರೆಸಿದರೆ ಈ ತೊಂದರೆ ಬರುವುದಿಲ್ಲ.

ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದೆಯೇ ಆಧಾರ್ ಮಾಡಿಸಬಹುದು. ಆಧಾರ್‌ನಲ್ಲಿ ಹೆಸರನ್ನು ಬದಲಾಯಿಸಲು ಜೀವನದಲ್ಲಿ ಎರಡೇ ಸಲ ಅವಕಾಶವಿರುವುದರಿಂದ, ಜನನ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದರಲ್ಲಿರುವ ರೂಪವನ್ನೇ ನೋಡಿ ಅರ್ಜಿ ತುಂಬಿ, ಪರದೆಯ ಮೇಲೆ ಹೆಸರು ಮೂಡಿದಾಗ ಕೊನೆಯ ಅಕ್ಷರವನ್ನು ನೀವೇ ಓದಿ ನೋಡಿದ ಮೇಲೆ ಮಾತ್ರ ಒಪ್ಪಿಗೆ ಕೊಡಿ.